ಮೋರ್ಸ್ ಸಂಕೇತಕ್ಕೆ ಎಂತಹ ಹಳೆಯ ರಿಸೀವರು?

ಹವ್ಯಾಸಿಗಳ ಹಳೆಯ ರಿಸೀವರನ್ನು ಮೋರ್ಸ್ ಸಂಕೇತಕ್ಕಾಗಿ ಆರಿಸುವಾಗ ನಾವು ಹೊರಗಿನ ಹೊಳಪಿಗೆ ಮರುಳಾಗಬಾರದು. ಮೋರ್ಸ್ ತರಂಗದಲ್ಲಿ ಧ್ವನಿಯೇ ಇರುವುದಿಲ್ಲ. ಕೀಲಿಯನ್ನೊತ್ತಿದರೆ ತರಂಗ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆದುದರಿಂದ ರಿಸೀವರಿನೊಳಗೆ ಇನ್ನೊಂದು ಆಂದೋಲಕವಿರಲೇಬೇಕು. ಯಂತ್ರದೊಳಗೆ 455 ಕಿಲೋಹರ್ಟ್ಸ್‌ಗೆ ಇಳಿದ ಸಂಕೇತದೊಡನೆ ಆಂದೋಲಕದ 456 ಕಿಲೋಹರ್ಟ್ಸ್ ಬೆರೆತಾಗ, ಅವುಗಳ ಅಂತರವಾದ 1 ಕಿಲೋಹರ್ಟ್ಸ್ ಸಿಳ್ಳಾಗಿ ಕಿವಿಗೆ ಬೀಳುತ್ತದೆ.

ನೆರೆಯ ಸಂಕೇತಗಳನ್ನು ದೂರವಿಡುವ ಶಕ್ತಿಯೂ ಬೇಕು. ಮಾತಿಗೆ ಕೆಲವು ಸಾವಿರ ಹರ್ಟ್ಸ್ ಅಗಲ ಬೇಕಾದರೆ ಮೋರ್ಸ್‌ಗೆ ಕೆಲವು ನೂರು ಸಾಕು. 1961ರ ಡ್ರೇಕ್ 2-ಬಿ ಯಂತ್ರದಲ್ಲಿ 500 ಹರ್ಟ್ಸ್ ಅಗಲದ ಶೋಧಕವುಂಟು. ನಮ್ಮ ಒಲವು ಅದರತ್ತ. 1946ರ ಹ್ಯಾಲಿಕ್ರಾಫ್ಟರ್ಸ್ ಎಸ್-38 ಸರಳವಾದುದೇನೋ ನಿಜ; ಆದರೆ ಪವರ್ ಟ್ರಾನ್ಸ್‌ಫಾರ್ಮರು ಇಲ್ಲದ ಅದರ ಒಳಚೌಕಟ್ಟಿಗೆ ಮನೆಯ ವಿದ್ಯುತ್ತು ನೇರವಾಗಿ ತಗುಲಿರಬಹುದು. ಪ್ಲಗ್ಗನ್ನು ಕೀಳದೆ ಅದರೊಳಗೆ ಬೆರಳಿಡಲಾಗದು.