ಸುಮ್ನೆ ಕೂತರೆ ಶಕ್ತಿ ಉಳಿಯುತ್ತಾ?

‘ವಯಸ್ಸಾಯ್ತು, ನೀವು ಸುಮ್ನೆ ಕೂತ್ಕೊಳ್ಳಿ, ಎಲ್ಲಾ ನಾವು ಮಾಡ್ತೀವಿ.’ ಮನೆಯ ಹಿರಿಯರಿಗೆ ನಾವು ಪ್ರೀತಿಯಿಂದಲೇ ಹೇಳುವ ಮಾತಿದು. ಆದರೆ ಖರ್ಚು ಮಾಡದೆ ಇಟ್ಟರೆ ಉಳಿಯೋಕೆ ಶಕ್ತಿಯೇನು ಬ್ಯಾಂಕಿನ ಠೇವಣಿಯೇ?

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಶ್ರಮಪಡುವಾಗ ಆಮ್ಲಜನಕ ಬಳಸುವ ಅವರ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂರು ದಶಕದ ವಯಸ್ಸಿಗಿಂತ ಮೂರು ವಾರದ ಹಾಸಿಗೆಯೇ ಹೆಚ್ಚು ಕಿತ್ತುಕೊಂಡಿತ್ತು!

ಹೋದದ್ದು ವಾಪಸ್ ಬರುತ್ತಾ? 1990ರಲ್ಲಿ ಬಾಸ್ಟನ್‌ನ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು. ವೃದ್ಧಾಶ್ರಮದಲ್ಲಿದ್ದ, 86ರಿಂದ 96 ವರ್ಷದವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರಂತೂ ಊರುಗೋಲನ್ನೇ ಬಿಟ್ಟರು.

ಇದು ಹೇಗೆ ಸಾಧ್ಯ? ಮೊದಲ ಕೆಲವು ವಾರ ಸ್ನಾಯು ಅಷ್ಟೇನೂ ದಪ್ಪಗಾಗುವುದಿಲ್ಲ. ನರಗಳು ಮಲಗಿದ್ದ ಸ್ನಾಯು ತಂತುಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತವೆ. ಆಮೇಲೆ ತಂತುಗಳೇ ದಪ್ಪಗಾಗುತ್ತವೆ. ಅದಕ್ಕೆ ಮೂರು ಬೇಕು: ಸ್ವಲ್ಪ ಕಷ್ಟ ಅನ್ನಿಸುವಷ್ಟು ಭಾರ, ಬೇಳೆ-ಕಾಳು, ಮೊಸರಿನಂಥ ಪ್ರೋಟೀನ್, ನಡುವೆ ವಿಶ್ರಾಂತಿ.

ನಾನು ಸಾಫ್ಟ್‌ವೇರ್ ಎಂಜಿನಿಯರ್, ಡಾಕ್ಟರ್ ಅಲ್ಲ. ಇದನ್ನೆಲ್ಲ ಓದೋಕೆ ಕಾರಣ ನಮ್ಮ ಅಜ್ಜಿ. ಒಂದು ಕಾಲಕ್ಕೆ ಒರಳಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿದ ಜೀವ. ಜ್ವರ ಬಂದು ಹದಿನೈದು ದಿನ ಮಲಗಿದ ಮೇಲೆ ಕುರ್ಚಿಯಿಂದ ಏಳೋಕೂ ಒಬ್ಬರು ಬೇಕಾಯ್ತು. ಅವರು ಕೇಳಿದ್ದು ಇಷ್ಟೇ: ‘ರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿ ಬರೋ ಹಾಗಾದ್ರೆ ಸಾಕು ಕಣೋ.’

ಡಾಕ್ಟರನ್ನು ಕೇಳಿ ಶುರು ಮಾಡಿದೆವು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ, ಅದರ ಮೇಲೆ ದಿಂಬು. ಎದ್ದು ನಿಲ್ಲೋದು, ನಿಧಾನಕ್ಕೆ ಕೂರೋದು. ಮೊದಲು ಕೈ ಊರಿ ಐದು ಸಲ, ದಿನಕ್ಕೆರಡು ಬಾರಿ, ಪಕ್ಕದಲ್ಲಿ ಒಬ್ಬರು. ಸುಲಭವಾದ ಹಾಗೆ ದಿಂಬು ತೆಗೆದೆವು, ಆಮೇಲೆ ಕೈ ಊರೋದು ಬಿಡಿಸಿದೆವು. ಮೂರು ತಿಂಗಳಾಗುವಷ್ಟರಲ್ಲಿ ಅಜ್ಜಿ ಬಚ್ಚಲಿಗೆ ಒಬ್ಬರೇ ಹೋಗತೊಡಗಿದರು. ಮೆಟ್ಟಿಲಿಗೆ ಈಗಲೂ ಕೈಹಿಡಿ ಬೇಕು.

ನಿಮ್ಮ ಮನೆಯಲ್ಲೂ ಮಾಡಿಸಬಹುದು. ಹೃದಯದ ತೊಂದರೆ, ತಲೆಸುತ್ತು, ಇತ್ತೀಚಿನ ಆಪರೇಷನ್ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಉಸಿರು ಬಿಗಿಹಿಡಿಯೋದು ಬೇಡ. ಎದೆನೋವು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಹಾಗೇ, ಅಮ್ಮನೋ ಅಜ್ಜಿಯೋ ನೀರು ತರೋಕೆ ತಾವೇ ಎದ್ದರೆ ತಡೆಯಬೇಡಿ, ಬೇಕಿದ್ದರೆ ಜೊತೆಗೆ ನಡೆಯಿರಿ.