ಬ್ಯಾಚುಲರ್ ಪಾರ್ಟಿಗೆ ಬೆಟ್ಟ ಹತ್ತೋ ಪ್ಲಾನಾ? ಗುಂಪಲ್ಲಿ ಹಿಂದೆ ಉಳಿಯೋದು ಯಾರು ಅಂತ ಮೊದಲು ನೋಡಿ

ಮೂಡಿಗೆರೆ: ಮದುವೆ ಫಿಕ್ಸ್ ಆದ ಹುಡುಗನನ್ನು ಗೋವಾಕ್ಕೆ ಕರೆದುಕೊಂಡು ಹೋಗೋಣ ಅನ್ನುವ ಗೆಳೆಯರ ಜೊತೆಗೆ ಈಗ ‘ಬೆಟ್ಟ ಹತ್ತೋಣ, ರಾತ್ರಿ ಹೋಂಸ್ಟೇಲಿ ಉಳಿಯೋಣ’ ಅನ್ನುವವರೂ ಸೇರಿದ್ದಾರೆ. ನಮ್ಮ ಕಡೆಯವರಿಗೆ ಇದು ಅನುಕೂಲ. ಬೆಟ್ಟ ಮನೆ ಹಿಂದೇನೇ ಇದೆ. ಹಾಗಂತ ಎಲ್ಲರಿಗೂ ಬೆಟ್ಟ ಹತ್ತೋ ಅಭ್ಯಾಸ ಇದೆ ಅಂತಲ್ಲ.

ಹತ್ತು ಹನ್ನೆರಡು ಜನರ ಗುಂಪು ಅಂದುಕೊಳ್ಳಿ. ಇಬ್ಬರು ವರ್ಷಕ್ಕೆ ನಾಲ್ಕು ಸಲ ಟ್ರೆಕ್ ಮಾಡುವವರು. ನಾಲ್ಕೈದು ಜನ ಭಾನುವಾರ ಕ್ರಿಕೆಟ್ ಆಡುವವರು. ಉಳಿದವರಲ್ಲಿ ಒಬ್ಬ ಬೆಂಗಳೂರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು, ಇನ್ನೊಬ್ಬನ ದೊಡ್ಡ ನಡಿಗೆ ಅಂದರೆ ಅಂಗಡಿ ಗಲ್ಲಾದಿಂದ ಬೈಕ್‌ವರೆಗೆ. ಜೊತೆಗೆ ‘ನಾನೂ ಬರ್ತೀನಿ’ ಅಂತ ಹೊರಟ ಗಂಡಿನ ಭಾವ, ವಯಸ್ಸು ನಲವತ್ತು ದಾಟಿದೆ. ಪ್ಲಾನ್ ಮಾಡೋದು ಯಾವಾಗಲೂ ಆ ಟ್ರೆಕ್ ಮಾಡುವ ಇಬ್ಬರೇ. ಎಡವಟ್ಟು ಶುರುವಾಗೋದು ಅಲ್ಲೇ. ಅವರು ತಮ್ಮ ಕಾಲಿನ ಲೆಕ್ಕ ಹಾಕುತ್ತಾರೆ. ಹಾಕಬೇಕಾದ್ದು ಭಾವನ ಕಾಲಿನ ಲೆಕ್ಕ.

ಗ್ರೂಪಲ್ಲಿ ಕೇಳಬೇಡಿ, ಫೋನ್ ಮಾಡಿ ಕೇಳಿ

ವಾಟ್ಸ್ಆ್ಯಪ್ ಗ್ರೂಪಲ್ಲಿ ‘ಎಲ್ಲರೂ ಫಿಟ್ ಇದೀರಾ?’ ಅಂತ ಕೇಳಿದರೆ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಹನ್ನೆರಡು ಜನರ ಎದುರು ‘ನನಗೆ ಉಬ್ಬಸ ಇದೆ’ ಅಂತ ಯಾರು ಬರೀತಾರೆ? ಅದಕ್ಕೆ ಜವಾಬ್ದಾರಿ ತಗೊಂಡವನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಬೇಕು. ಹೋದ ತಿಂಗಳು ಒಂದೇ ಉಸಿರಿಗೆ ಐದು ಕಿಲೋಮೀಟರ್ ನಡೆದಿದ್ದೀಯಾ? ಬಿಪಿ, ಶುಗರ್, ಉಬ್ಬಸಕ್ಕೆ ಮಾತ್ರೆ ಅಥವಾ ಇನ್ಹೇಲರ್ ಇದೆಯಾ? ಮಂಡಿ ನೋವು? ಎತ್ತರ ಕಂಡರೆ ಹೆದರಿಕೆ? ಈಜು ಬರುತ್ತಾ? ಎರಡು ನಿಮಿಷದ ಮಾತು. ಉತ್ತರ ಗ್ರೂಪಿಗೆ ಹಾಕುವ ಹಾಗಿಲ್ಲ, ತಮಾಷೆ ಮಾಡುವ ಹಾಗೂ ಇಲ್ಲ. ಸಿಕ್ಕ ಉತ್ತರಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ಇಡೀ ಗುಂಪಿನ ಶಕ್ತಿ.

ದಿನ ಗೊತ್ತು ಮಾಡೋದು ಪಂಚಾಂಗದವರಲ್ಲ, ಅರಣ್ಯ ಇಲಾಖೆಯವರು

ನಮ್ಮ ಮದುವೆ ಕ್ಯಾಲೆಂಡರೂ ಕಾಡಿನ ಕ್ಯಾಲೆಂಡರೂ ಒಂದಕ್ಕೊಂದು ಸೇರೋದಿಲ್ಲ. ಮದುವೆಗಳು ತುಂಬೋದು ಏಪ್ರಿಲ್, ಮೇ ತಿಂಗಳಲ್ಲಿ. ಆದರೆ ಫೆಬ್ರವರಿಯಿಂದ ಮೇವರೆಗೆ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಸಾಮಾನ್ಯವಾಗಿ ಚಾರಣ ನಿಲ್ಲಿಸಿರುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಗೆಳೆಯರಿಗೆ ಬಿಡುವು ಇರುತ್ತೆ, ಆದರೆ ಆಗ ಮಳೆ ಹೊಡೆತ. ಕಾರ್ತಿಕ, ಮಾರ್ಗಶಿರದ ಮದುವೆಗಳಿಗೆ ಮಾತ್ರ ಎರಡೂ ಕೂಡಿ ಬರುತ್ತವೆ. ಏಪ್ರಿಲ್‌ನಲ್ಲಿ ಮದುವೆ ಇದ್ದರೆ ಬೆಟ್ಟದ ಪ್ರೋಗ್ರಾಂ ಜನವರಿಯಲ್ಲೇ ಮುಗಿಸಿ. ಆಗಲ್ಲ ಅಂದ್ರೆ ಕಾಡು ಬಿಟ್ಟು ತೋಟದ ಮನೆಯಲ್ಲಿ ಸೇರಿಕೊಳ್ಳಿ.

ಮದುವೆಗೆ ಮೂರು ದಿನ ಇರುವಾಗ ಹೊರಡೋದು ಬೇಡ. ಅರಿಶಿಣ ಹಚ್ಚಿದ ಮೇಲೆ ಗಂಡು ಹೊರಗೆ ಹೋಗಬಾರದು ಅಂತ ಅಜ್ಜಿಯಂದಿರು ಹೇಳೋದಕ್ಕೆ ಕಾರಣ ಏನಾದರೂ ಇರಲಿ, ಹೊರಳಿದ ಪಾದ ವಾಸಿಯಾಗೋಕೆ ಎರಡು ಮೂರು ವಾರ ಬೇಕು. ಕುಂಟಿಕೊಂಡು ಸಪ್ತಪದಿ ತುಳಿದ ಫೋಟೋ ಆಲ್ಬಮ್‌ನಲ್ಲಿ ಜನ್ಮಪೂರ್ತಿ ಇರುತ್ತೆ. ಕನಿಷ್ಠ ಮೂರು ವಾರ ಮುಂಚೆ ಇಟ್ಟುಕೊಳ್ಳಿ.

ಇನ್ನು ಬುಕಿಂಗ್. 2024ರ ಜನವರಿ ಕೊನೆಯ ರಜೆಗೆ ಕುಮಾರ ಪರ್ವತದಲ್ಲಿ ಸಾವಿರಾರು ಜನ ಸೇರಿ ಜಾತ್ರೆ ಆಗಿದ್ದು ನೆನಪಿರಬಹುದು. ಆಮೇಲೆ ಸರ್ಕಾರ ಬಿಗಿ ಮಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಅನ್ನುವ ವೆಬ್‌ಸೈಟ್ ಬಂತು. ಇಲಾಖೆಯ ಚಾರಣದ ಹಾದಿಗಳಿಗೆ ಟಿಕೆಟ್ ಅಲ್ಲೇ ತಗೋಬೇಕು, ಗುರುತಿನ ಚೀಟಿ ವಿವರವೂ ಕೊಡಬೇಕು. ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿದ್ದಾರೆ. ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿ. ‘ನಮ್ಮ ಮಾವ ಫಾರೆಸ್ಟ್‌ನಲ್ಲಿ ಇದ್ದಾರೆ’ ಅನ್ನುವ ಮಾತು ಗೇಟಲ್ಲಿ ನಡೆಯೋದಿಲ್ಲ. ಮುಳ್ಳಯ್ಯನಗಿರಿ ಕಡೆಗೆ 2025ರ ಸೆಪ್ಟೆಂಬರ್‌ನಿಂದ ವಾಹನಗಳಿಗೂ ಮುಂಗಡ ಆನ್‌ಲೈನ್ ಬುಕಿಂಗ್ ಬಂದಿದೆ. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಹೊರಡೋ ವಾರದಲ್ಲಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಎಲ್ಲಿಗೆ ಹೋಗೋದು?

ಹೊಸಬರು ಇರುವ ಗುಂಪಿಗೆ ನನ್ನ ಮತ ಮುಳ್ಳಯ್ಯನಗಿರಿಗೆ. 1,930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ‘ರಾಜ್ಯದಲ್ಲೇ ಎತ್ತರದ ಬೆಟ್ಟ ಹತ್ತಿದ್ವಿ’ ಅಂತ ಮದುವೆ ಮನೇಲಿ ಹೇಳಿಕೊಳ್ಳಬಹುದು. ಮುಖ್ಯ ವಿಷಯ ಅಂದರೆ ಮೇಲೆ ಹೋಗೋಕೆ ಎರಡು ದಾರಿ ಇವೆ. ನಡೆಯುವವರು ಕೆಳಗಿನ ಸರ್ಪದಾರಿಯಿಂದ ಹತ್ತಬಹುದು. ಆಗದವರು ವಾಹನದಲ್ಲಿ ಹೋಗಿ ಕೊನೆಯ ಮೆಟ್ಟಿಲು ಮಾತ್ರ ಹತ್ತಬಹುದು. ಎಲ್ಲರೂ ಮೇಲಿನ ದೇವಸ್ಥಾನದ ಹತ್ತಿರ ಸೇರಿ, ಒಂದೇ ಫೋಟೋದಲ್ಲಿ ನಿಲ್ಲಬಹುದು. ಯಾರಿಗೂ ಮುಜುಗರ ಇಲ್ಲ. ಗಂಡು ಯಾವ ಗುಂಪಲ್ಲಿ ಇರಬೇಕು ಅನ್ನೋದನ್ನ ಅವನೇ ತೀರ್ಮಾನ ಮಾಡಲಿ. ಮೇಲಿರೋದು ದೇವಸ್ಥಾನ, ಬಾಟಲಿ ಹಿಡಿದು ಹೋಗೋ ಜಾಗ ಅಲ್ಲ.

ಅದಕ್ಕಿಂತಲೂ ಸುಲಭ ಬೇಕಾದರೆ ನಮ್ಮ ದೇವರಮನೆ. ಗಾಡಿ ಹೋಗುತ್ತೆ, ಹುಲ್ಲುಗುಡ್ಡದ ಮೇಲೆ ಬೇಕಾದಷ್ಟು ಅಡ್ಡಾಡಬಹುದು. ಎತ್ತಿನಭುಜಕ್ಕೆ ಭೈರಾಪುರದ ಕಡೆಯಿಂದ ಹೋದರೆ ನಡಿಗೆ ಕಡಿಮೆ, ಆದರೆ ಕೊನೆಯ ಬಂಡೆ ಏರು ಕಡಿದು. ಎತ್ತರಕ್ಕೆ ಹೆದರುವವನು ಬುಡದಲ್ಲೇ ಕೂತುಕೊಳ್ಳಲಿ. ಅವನ ಜೊತೆ ಇನ್ನೊಬ್ಬ ಇರಲಿ.

ಕುದುರೆಮುಖದ ವಿಷಯ ಬೇರೆ. ಸಂಸೆ ಕಡೆಯಿಂದ ಜೀಪಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ಹೋಗಿ ಬರೋಕೆ ಹೆಚ್ಚುಕಮ್ಮಿ 20 ಕಿಲೋಮೀಟರ್. ಮಧ್ಯೆ ಹಳ್ಳಗಳನ್ನು ದಾಟಬೇಕು. ‘20 ಕಿಲೋಮೀಟರ್ ಏನ್ ಮಹಾ’ ಅನ್ನುವವರು ಈ ಲೆಕ್ಕ ನೋಡಿ: ರಸ್ತೆಯಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡೆಯುವ ಹುಡುಗ ಏರು ದಾರಿಯಲ್ಲಿ ಎರಡು, ಎರಡೂವರೆ ನಡೆದರೆ ಹೆಚ್ಚು. ಹತ್ತೋಕೇ ನಾಲ್ಕೈದು ಗಂಟೆ ಆಯ್ತು. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಕತ್ತಲು. ಎಂಟೂವರೆಗೆ ತಿಂಡಿ ತಿಂದು ಹೊರಟ ಗುಂಪಿಗೆ ಇಳಿಯೋ ಹೊತ್ತಿಗೆ ಬೆಳಕೇ ಸಾಲೋದಿಲ್ಲ. ಕುಮಾರ ಪರ್ವತ ಇನ್ನೂ ಕಷ್ಟ. ಕುಕ್ಕೆ ಕಡೆಯಿಂದ ಒಂದು ದಿಕ್ಕಿಗೇ ಸುಮಾರು 13 ಕಿಲೋಮೀಟರ್. ಮೊದಲ ಸಲ ಬೆಟ್ಟ ಹತ್ತುವವರಿಗೆ ಇವೆರಡೂ ಬೇಡ. ಆ ಇಬ್ಬರು ಅನುಭವಿಗಳಿಗೆ ಆಸೆ ಇದ್ದರೆ ಇನ್ನೊಂದು ದಿನ ಅವರೇ ಹೋಗಿ ಬರಲಿ.

2019ರ ಸೆಪ್ಟೆಂಬರ್‌ನಲ್ಲಿ ಕುಮಾರ ಪರ್ವತಕ್ಕೆ ಗೆಳೆಯರ ಜೊತೆ ಬಂದಿದ್ದ ಬೆಂಗಳೂರಿನ ಯುವಕನೊಬ್ಬ ಗುಂಪಿನಿಂದ ತಪ್ಪಿಸಿಕೊಂಡಿದ್ದ. ಪೊಲೀಸರು, ಅರಣ್ಯ ಸಿಬ್ಬಂದಿ, ಸ್ಥಳೀಯರು ಹುಡುಕಾಡಿದರು. ಕೊನೆಗೆ ಅವನೇ ನೀರಿನ ಪೈಪ್ ಹಿಡಿದುಕೊಂಡು ಕೆಳಗೆ ಇಳಿದು ಬಂದ. ಅವನ ಅದೃಷ್ಟ ಗಟ್ಟಿ ಇತ್ತು. ಗುಂಪು ಒಡೆಯೋದು ಹೀಗೇ: ಚುರುಕಿನವರು ಮುಂದೆ, ಸುಸ್ತಾದವನು ಹಿಂದೆ, ಮಧ್ಯೆ ಮಂಜು.

ಅದಕ್ಕೆ ನಿಧಾನ ನಡೆಯುವವನನ್ನು ಮುಂದಿನಿಂದ ಎರಡನೆಯವನಾಗಿ ಇಡಿ, ಅವನ ವೇಗವೇ ಎಲ್ಲರ ವೇಗ. ಒಬ್ಬ ಅನುಭವಿ ಮುಂದೆ, ಇನ್ನೊಬ್ಬ ಕಟ್ಟಕಡೆಯಲ್ಲಿ. ಕಡೆಯವನ ಹಿಂದೆ ಯಾರೂ ಇರಬಾರದು, ಮೂತ್ರಕ್ಕೆ ಹೋದವನೂ. ದಾರಿ ಕವಲಾದ ಕಡೆ ಎಲ್ಲರೂ ಸೇರುವವರೆಗೆ ನಿಲ್ಲಬೇಕು. ವಾಪಸ್ ತಿರುಗುವ ಸಮಯ ಮನೆಯಲ್ಲೇ ತೀರ್ಮಾನ ಆಗಲಿ, ಮಧ್ಯಾಹ್ನ 12.30 ಅಂದರೆ 12.30. ತುದಿ ಇನ್ನು ಅರ್ಧ ಗಂಟೆ ಇದ್ದರೂ ತಿರುಗಬೇಕು. ‘ಇಲ್ಲಿವರೆಗೆ ಬಂದು ಬಿಟ್ಟು ಹೋಗೋದಾ ಮಾರಾಯ’ ಅನ್ನುವವನು ಒಬ್ಬ ಇದ್ದೇ ಇರ್ತಾನೆ. ಅವನ ಮಾತು ಕೇಳಬೇಡಿ.

ಎಣ್ಣೆ ವಿಷಯ

ಬ್ಯಾಚುಲರ್ ಪಾರ್ಟಿ ಬಗ್ಗೆ ಬರೆದು ಇದನ್ನ ಬಿಟ್ಟರೆ ನೀವೇ ನಗ್ತೀರಿ. ಕುಡಿಯುವವರು ಕುಡಿಯಲಿ, ಆದರೆ ನಡಿಗೆ ಎಲ್ಲ ಮುಗಿದು, ಸ್ನಾನ ಆಗಿ, ಗಾಡಿ ಕೀ ಒಬ್ಬನ ಕೈಗೆ ಕೊಟ್ಟ ಮೇಲೆ. ಹಿಂದಿನ ರಾತ್ರಿ ಕುಡಿದು ಬೆಳಗ್ಗೆ ಬೆಟ್ಟ ಹತ್ತಿದರೆ ಮೈಯಲ್ಲಿ ನೀರಿರೋದಿಲ್ಲ, ಮೊದಲ ಏರಿಗೇ ತಲೆ ಸುತ್ತು. ಅದಕ್ಕೇ ಎರಡು ದಿನದ ಪ್ರೋಗ್ರಾಂ ಆದರೆ ಮೊದಲ ದಿನ ಬೆಟ್ಟ, ರಾತ್ರಿ ಪಾರ್ಟಿ, ಎರಡನೇ ದಿನ ತಡವಾಗಿ ಎದ್ದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮನೆಗೆ. ಉಲ್ಟಾ ಮಾಡಬೇಡಿ.

ಕುಡಿದ ಮೇಲೆ ನೀರಿಗೆ ಇಳಿಯೋದು ಬೇಡವೇ ಬೇಡ. ಜಲಪಾತದ ಬಂಡೆ ಪಾಚಿಗಟ್ಟಿರುತ್ತೆ, ಗುಂಡಿ ಆಳ ಮೇಲಿಂದ ಗೊತ್ತಾಗಲ್ಲ, ಮೇಲೆ ಎಲ್ಲೋ ಮಳೆ ಬಂದರೆ ಹಳ್ಳ ಇದ್ದಕ್ಕಿದ್ದಂತೆ ಏರುತ್ತೆ. ಪ್ರತಿ ಮಳೆಗಾಲದಲ್ಲೂ ಇಂಥ ಸುದ್ದಿ ಬರೆದು ಬರೆದು ನಮಗೂ ಸಾಕಾಗಿದೆ. ಚಾರ್ಮಾಡಿ ತಿರುವುಗಳಲ್ಲಿ ಗಾಡಿ ನಿಲ್ಲಿಸಿ ಡ್ಯಾನ್ಸ್ ಮಾಡೋದು ಬೇಡ. ಹೋಂಸ್ಟೇಯಲ್ಲಿ ರಾತ್ರಿ 10ರ ಮೇಲೆ ಹೊರಗೆ ಸ್ಪೀಕರ್ ಹಾಕುವ ಹಾಗಿಲ್ಲ, ಅದು ಮಾಲೀಕರ ಕಿರಿಕಿರಿ ಅಲ್ಲ, ಕಾನೂನು. ಪಾರ್ಟಿ ಅಂತ ಮೊದಲೇ ಹೇಳಿ ಬುಕ್ ಮಾಡಿ, ನೋಂದಣಿ ಇರುವ ಹೋಂಸ್ಟೇ ನೋಡಿ.

ರಾತ್ರಿ ಊಟ ಆದ ಮೇಲೆ ‘ಒಂದು ರೌಂಡ್ ಹೋಗಿ ಬರೋಣ’ ಅಂತ ತೋಟದ ರಸ್ತೆಗೆ ಇಳಿಯಬೇಡಿ. ನಮ್ಮ ತಾಲೂಕಿನವರಿಗೆ ಆನೆ ವಿಷಯ ಹೇಳಬೇಕಾಗಿಲ್ಲ. ಬೆಂಗಳೂರಿಂದ ಬಂದ ಗೆಳೆಯನಿಗೆ ಹೇಳಬೇಕು. ಅವನಿಗೆ ಅದು ಫೋಟೋ ತೆಗೆಯೋ ಪ್ರಾಣಿ.

ಚೀಲದಲ್ಲಿ ಏನಿರಬೇಕು, ಅಂಗಡಿಯಲ್ಲಿ ಏನಿರಬೇಕು

ಒಬ್ಬರಿಗೆ ಎರಡರಿಂದ ಮೂರು ಲೀಟರ್ ನೀರು, ಚಪಾತಿ ಅಥವಾ ಚಿತ್ರಾನ್ನ, ಬಾಳೆಹಣ್ಣು, ಚಿಕ್ಕಿ, ಓಆರ್‌ಎಸ್ ಪೊಟ್ಟಣ, ಅವರವರ ಮಾತ್ರೆ, ಟಾರ್ಚ್, ಮಳೆ ಕೋಟು. ಮೊಬೈಲ್ ಟಾರ್ಚ್ ನಂಬಿಕೊಂಡರೆ ಫೋನ್ ಮಾಡೋ ಹೊತ್ತಿಗೆ ಚಾರ್ಜ್ ಇರೋದಿಲ್ಲ. ಶೂ ಹೊಸದಾದರೆ ಎರಡು ವಾರ ಮುಂಚೆ ತಗೊಂಡು ಊರಲ್ಲೇ ಹಾಕಿ ತಿರುಗಿ. ಹಿಂದಿನ ದಿನ ಕೊಂಡ ಶೂ ಹಿಮ್ಮಡಿ ಕಿತ್ತು ಹಾಕುತ್ತೆ. ಮಳೆಗಾಲದಲ್ಲಿ ಇಂಬಳಕ್ಕೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಳ್ಳಿ. ಡಿಸೆಂಬರ್‌ನಿಂದ ಮೇವರೆಗೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಹೋದರೆ ಉಣುಗಿನ ಬಗ್ಗೆ ಎಚ್ಚರ, ಮಂಗನ ಕಾಯಿಲೆ ಅದರಿಂದಲೇ ಬರೋದು. ಮೈಮುಚ್ಚುವ ಬಟ್ಟೆ ಹಾಕಿ, ತರಗೆಲೆ ಮೇಲೆ ಕೂರಬೇಡಿ, ವಾಪಸ್ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದು ಡಾಕ್ಟರ್‌ಗೆ ಹೇಳಿ.

ಅಂಗಡಿಯವರಿಗೆ ಒಂದು ಮಾತು. ಈ ಗುಂಪುಗಳು ಬೆಳಗ್ಗೆ ಐದೂವರೆಗೆ ಬಂದು ಕೇಳೋದು ಟಾರ್ಚ್, ಸೆಲ್, ಇಂಬಳದ ಸಾಕ್ಸ್, ಮಳೆ ಕೋಟು, ಗ್ಲೂಕೋಸ್, ಕ್ರೇಪ್ ಬ್ಯಾಂಡೇಜ್. ಆ ಹೊತ್ತಿಗೆ ಸಿಗೋದು ಸಿಗರೇಟು ಮತ್ತು ನೀರಿನ ಬಾಟಲಿ. ಕಾಡಿನ ಗೇಟುಗಳಲ್ಲಿ ಪ್ಲಾಸ್ಟಿಕ್ ತಪಾಸಣೆ ಇರುತ್ತೆ, ಹಾಗಾಗಿ ಸ್ಟೀಲ್ ಬಾಟಲಿ ನಾಲ್ಕು ಇಟ್ಟರೂ ಹೋಗುತ್ತವೆ. ತಿಂಡಿ ಕಟ್ಟಿಕೊಡುವ ಹೋಟೆಲ್‌ನವರು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟರೆ ಗೇಟಲ್ಲಿ ರಗಳೆ ಇಲ್ಲ.

ಖರ್ಚು ಮೊದಲೇ ತಲೆಗೆ ಇಷ್ಟು ಅಂತ ವಸೂಲಿ ಮಾಡಿ ಒಬ್ಬನ ಕೈಯಲ್ಲಿ ಇಡಿ. ಗಂಡಿನ ಪಾಲು ಉಳಿದವರು ಹಂಚಿಕೊಳ್ಳೋದು ರೂಢಿ. ಗೈಡ್ ದುಡ್ಡಲ್ಲಿ ಮಾತ್ರ ಉಳಿತಾಯ ಮಾಡಬೇಡಿ, ಮಂಜಲ್ಲಿ ದಾರಿ ಗೊತ್ತಿರೋದು ಊರಿನವನಿಗೇ.

ಕಾಡಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಎಲ್ಲಿಗೆ, ಎಷ್ಟು ಜನ, ಯಾವ ಗಾಡಿ, ಎಷ್ಟೊತ್ತಿಗೆ ಕೆಳಗೆ ಬರ್ತೀವಿ ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದು ಹೋಂಸ್ಟೇಯವರಿಗೆ ಒಂದು, ಮನೆಯಲ್ಲಿ ಒಬ್ಬರಿಗೆ ಒಂದು ಕೊಡಿ. ಹೇಳಿದ ಸಮಯಕ್ಕಿಂತ ಎರಡು ಗಂಟೆ ದಾಟಿದರೆ ಅವರು 112ಕ್ಕೆ ಫೋನ್ ಮಾಡಬೇಕು. ಗಾಯ ಆಗಿದ್ದರೆ 108, ಅರಣ್ಯ ಇಲಾಖೆ ಸಹಾಯವಾಣಿ 1926. ಚೀಟಿ ಗಂಡಿನ ಅಮ್ಮನ ಕೈಗೆ ಕೊಡೋದು ಬೇಡ, ಅವರು ಮಧ್ಯಾಹ್ನ ಎರಡಕ್ಕೇ ಫೋನ್ ಮಾಡ್ತಾರೆ. ಅಣ್ಣನಿಗೋ ಅಕ್ಕನಿಗೋ ಕೊಡಿ.