ಮಡೆ ಮತ್ತು ಪೊಂಗಾಲ: ಸ್ತ್ರೀಯರ ಅನ್ನನಿವೇದನದ ವಿಚಾರ

ಬೆಂಗಳೂರಿನ ಪಶ್ಚಿಮ ಭಾಗದ ಮಹಾಲಕ್ಷ್ಮಿ ಲೇಔಟ್ ಹೊಸ ಕಾಲದ ಬಡಾವಣೆಯಾದರೂ ನೆರೆಯ ಕುರುಬರಹಳ್ಳಿ, ಕೇತಮಾರನಹಳ್ಳಿ ಎಂಬ ಹೆಸರುಗಳು ಅಲ್ಲಿನ ಹಳೆಯ ಹಳ್ಳಿಗಳನ್ನು ನೆನಪಿಗೆ ತರುತ್ತವೆ. ಇಂತಹ ಹಳ್ಳಿಗಳ ದೇವತೆಗಳಿಗೆ ಸ್ತ್ರೀಯರು ಅಕ್ಕಿಯ ನೈವೇದ್ಯವನ್ನರ್ಪಿಸುವ ರೂಢಿ ಹಳೆಯ ಮೈಸೂರು ಸೀಮೆಯಲ್ಲಿ ವ್ಯಾಪಕವಾಗಿದೆ. ಇದೇ ನಗರದಲ್ಲಿ ನೆಲೆಸಿದ ಮಲೆಯಾಳಿ ಕುಟುಂಬಗಳು ತಮ್ಮ ಪೊಂಗಾಲವನ್ನು ಜೊತೆಗೆ ತಂದಿವೆ. ಇವೆರಡರ ಸಂಬಂಧವನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಪೊಂಗಾಲದ ಪ್ರಸಿದ್ಧ ಕ್ಷೇತ್ರ ತಿರುವನಂತಪುರದ ಆಟ್ಟುಕಾಲ್ ಭಗವತಿ ದೇವಾಲಯ. ಕುಂಭಮಾಸದ ಉತ್ಸವದ ಒಂಬತ್ತನೆಯ ದಿನ, ವ್ರತಸ್ಥರಾದ ಸ್ತ್ರೀಯರು ಬೀದಿಬೀದಿಗಳಲ್ಲಿ ಇಟ್ಟಿಗೆಯ ಒಲೆ ಹೂಡಿ ಹೊಸ ಮಡಕೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿಗಳ ಪಾಯಸವನ್ನು ಬೇಯಿಸುತ್ತಾರೆ. ಗರ್ಭಗುಡಿಯ ಬೆಂಕಿ ಮೊದಲು ದೇವಾಲಯದ ಮುಖ್ಯ ಒಲೆಗೆ ಬಂದು, ಅಲ್ಲಿಂದ ಒಲೆಯಿಂದ ಒಲೆಗೆ ದಾಟುವುದು. ಮಡಕೆ ಉಕ್ಕಿದರೆ ಶುಭ. ಅರ್ಚಕನ ಪಾತ್ರ ಮೊದಲ ಬೆಂಕಿ ಕೊಡುವುದು, ಕೊನೆಯಲ್ಲಿ ತೀರ್ಥ ತಳಿಯುವುದು, ಇಷ್ಟೇ. ನೈವೇದ್ಯವನ್ನು ಪುರುಷ ಪರಿಚಾರಕರೇ ಸಿದ್ಧಪಡಿಸುವ ಆಗಮೋಕ್ತ ಗುಡಿಗಳನ್ನು ನೆನೆದರೆ ಈ ಭೇದದ ಮಹತ್ತ್ವ ವಿದಿತವಾಗುವುದು. 2009ರಲ್ಲಿ 25 ಲಕ್ಷ ಸ್ತ್ರೀಯರು ನೆರೆದಿದ್ದರೆಂದು ಗಿನ್ನೆಸ್ ದಾಖಲೆ. 2021, 2022ರಲ್ಲಿ ಸಾಂಕ್ರಾಮಿಕದ ನಿಮಿತ್ತ ಅವರವರ ಮನೆಗಳಲ್ಲಿಯೇ ಪೊಂಗಾಲ ನಡೆಯಿತು. ಗುಡಿಯನ್ನು ಬಿಟ್ಟರೂ ಒಲೆಯನ್ನು ಬಿಡದ ಆರಾಧನೆಯಿದು. ದೂರದ ಬೆಂಗಳೂರಿಗೆ ಅದು ಸಲೀಸಾಗಿ ಬಂದುದೇಕೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಮ್ಮ ಮಾರಮ್ಮನ ಹಬ್ಬದಲ್ಲಿ ಹೆಂಗಸರು ಮೀಸಲಾಗಿಟ್ಟ ಅಕ್ಕಿಯ ಹಿಟ್ಟಿಗೆ ಬೆಲ್ಲ ಬೆರೆಸಿ ತಂಬಿಟ್ಟು ಕಟ್ಟಿ, ನಡುವಣ ಗುಳಿಯಲ್ಲಿ ತುಪ್ಪದ ಬತ್ತಿ ಹೊತ್ತಿಸಿ, ತಲೆಯ ಮೇಲಿಟ್ಟು ಗುಡಿಗೆ ಒಯ್ಯುವರು. ಉಗ್ರದೇವತೆಯನ್ನು ತಂಪುಗೊಳಿಸಲು ಮೊಸರನ್ನದ ಎಡೆಯೂ ಉಂಟು. ದೇವರಿಗಿಕ್ಕುವ ಅನ್ನಕ್ಕೆ ‘ಮಡೆ’ ಎಂದು ಹೆಸರು. ತಮಿಳಿನ ‘ಮಡೈ’ ಇದರ ಸೋದರ ಶಬ್ದ. ‘ಪೊಂಗು’ ಧಾತುವೂ ಕನ್ನಡದಲ್ಲಿ ‘ಹೊಂಗು’ ಎಂದು ಉಳಿದಿದೆ. ಶಿಲಪ್ಪದಿಕಾರದ ಇಂದ್ರೋತ್ಸವ ಪ್ರಕರಣದಲ್ಲಿ ಪುಹಾರಿನ ಹಳೆಯ ಮನೆತನಗಳ ಸ್ತ್ರೀಯರು ಅರ್ಪಿಸುವ ಬಲಿಯಲ್ಲಿ ‘ಮಡೈ’ ಮತ್ತು ‘ಪೊಂಗಲ್’ ಎರಡೂ ಒಟ್ಟಿಗೆ ಬರುವುದು ಗಮನಾರ್ಹ. ಆಟ್ಟುಕಾಲಿನ ದೇವಿ ಅದೇ ಕಾವ್ಯದ ನಾಯಿಕೆ ಕಣ್ಣಗಿಯೆಂಬ ಐತಿಹ್ಯವನ್ನು ಇದಕ್ಕೆ ಜೋಡಿಸಿ, ಕಾವ್ಯದಿಂದಲೇ ಆಚರಣೆ ಹುಟ್ಟಿತೆಂದು ಹೇಳಲು ಮನಸ್ಸಾಗಬಹುದು. ಆದರೆ ಆ ಬಲಿ ಸಲ್ಲುವುದು ಕಣ್ಣಗಿಗಲ್ಲ, ನಗರದ ಕಾವಲುಭೂತಕ್ಕೆ. ಕಣ್ಣಗಿ ದೇವಿಯಾಗುವ ಮೊದಲೇ ಸ್ತ್ರೀಯರು ಮಡಕೆಯನ್ನು ಒಲೆಗೇರಿಸಿದ್ದರು. ದೇವತೆಯ ಹೆಸರು ತರುವಾಯ ಕೂಡಿಕೊಂಡಿರಬೇಕು.

ಹೀಗಿರುವಾಗ ಮಡೆಯಿಂದ ಪೊಂಗಾಲವೋ ಪೊಂಗಾಲದಿಂದ ಮಡೆಯೋ ಎಂಬ ಚರ್ಚೆ ನಮಗೆ ನಿರರ್ಥಕವೆನಿಸುತ್ತದೆ. ಎರಡೂ ಒಂದೇ ದ್ರಾವಿಡ ರೂಢಿಯ ಕವಲುಗಳೆಂದು ಊಹಿಸಲವಕಾಶವುಂಟು. ಶಾಸನಗಳು ಭೂದಾನವನ್ನು, ನಂದಾದೀಪವನ್ನು ದಾಖಲಿಸಿದಷ್ಟು ಹೆಂಗಸರ ಒಲೆಯನ್ನು ದಾಖಲಿಸಲಿಲ್ಲ. ಶಾಸನವನ್ನೇ ನೆಚ್ಚಿದ ನಮ್ಮಂತಹವರು ಇದನ್ನು ಇತಿಹಾಸವೆಂದು ಎಣಿಸಲೂ ಇಲ್ಲ. ಆದರೂ ಬಡಾವಣೆಯ ಯಾವ ಗೃಹಪ್ರವೇಶಕ್ಕೆ ಹೋದರೂ, ಪುರೋಹಿತರ ಹೋಮದ ಜೊತೆಗೆ, ಹೊಸ ಒಲೆಯ ಮೇಲೆ ಗೃಹಿಣಿ ಹಾಲುಕ್ಕಿಸುವುದನ್ನು ನೋಡಬಹುದು.